ತೂಕ ಏರುತ್ತಿದೆ

ಜೂನ್ ೩

ಅಪ್ಪ,

ನಿನ್ನ ಕಾಗದ ನಿನ್ನೆ ತಲುಪಿತು. ಫೋನ್ ಮಾಡಿದರೆ "ಹಲೋ, ಯಾರು, ಸ್ವಲ್ಪ ಜೋರಾಗಿ" ಅನ್ನುವುದರಲ್ಲೇ ಮಾತು ಮುಗಿದುಹೋಗುತ್ತದೆ. ನಿನ್ನ ಕಿವಿಗೆ ಕೇಳಲಿ ಎಂದು ನಾನು ಕಿರುಚಿದ್ದು ಇಲ್ಲಿಯ ವಾರ್ಡಿಗೆಲ್ಲ ಕೇಳಿಸಿ, ಮಕ್ಕಳು ಎಚ್ಚರವಾಗಿ, ನರ್ಸು ನನ್ನನ್ನು ಗದರಿಸಿದರು. ಇನ್ನು ಮೇಲೆ ಕಾಗದವೇ ವಾಸಿ.

ಮಗು ಇನ್ನೂ ಗಾಜಿನ ಪೆಟ್ಟಿಗೆಯಲ್ಲೇ ಇದೆ. ಎರಡು ತಿಂಗಳು ಮೊದಲೇ ಬಂದವಳು, ಹೊರಗೆ ಏನು ಅವಸರ ಇತ್ತೋ. ಮೂಗಿನಲ್ಲಿ ಒಂದು ನಳಿಗೆ, ಎದೆಯ ಮೇಲೆ ಮೂರು ವೈರು. ನಾನು ಎರಡೆರಡು ಗಂಟೆಗೊಮ್ಮೆ ಹಾಲು ಹಿಂಡಿ ಕೊಡುತ್ತೇನೆ. ಅದರಲ್ಲಿ ಒಂದು ಚಮಚದಷ್ಟು ನಳಿಗೆಯಲ್ಲಿ ಇಳಿಸುತ್ತಾರೆ. ಎತ್ತಿಕೊಳ್ಳಲು ಇನ್ನೂ ಬಿಟ್ಟಿಲ್ಲ. ಬೇರೆಯವರ ಹಾಲು, ಡಬ್ಬಿಯ ಹಾಲು ಈ ಹೊಟ್ಟೆಗೆ ಆಗುವುದಿಲ್ಲ, ತಾಯಿ ಹತ್ತಿರವೇ ಇರಬೇಕು ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದಾರೆ.

ದಿನವೂ ಬೆಳಿಗ್ಗೆ ತೂಕ ನೋಡುತ್ತಾರೆ. ನಿನ್ನೆ ಒಂದು ಸಾವಿರದ ಇನ್ನೂರ ನಲವತ್ತು ಗ್ರಾಂ ಇದ್ದವಳು ಇವತ್ತು ಇನ್ನೂರ ಮೂವತ್ತೈದು. ಐದು ಗ್ರಾಂ ಇಳಿದಿದ್ದಾಳೆ ಅಪ್ಪ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ನಿನ್ನ ಅಳಿಯ "ಐದು ಗ್ರಾಂ ಅಂದ್ರೆ ಏನು ಮಹಾ, ಒಂದು ಚಿಟಿಕೆ ಉಪ್ಪು" ಎಂದರು. ಒಳ್ಳೆಯವರೇ, ಆದರೆ ತಕ್ಕಡಿ ರಿಪೇರಿ ಅಂಗಡಿಯಲ್ಲಿ ಹುಟ್ಟಿ ಬೆಳೆದವರಲ್ಲವಲ್ಲ. ನೀನಾದರೂ ಹೇಳು.

ನಿನ್ನ ಹೊಟ್ಟೆಯ ಗಡ್ಡೆಯ ವಿಷಯ ಏನಾಯಿತು? ಆಪರೇಷನ್ ಯಾವಾಗ? ನೀನು ಅಲ್ಲಿ ಒಬ್ಬನೇ, ನಾನು ಇಲ್ಲಿ. ಬಾ ಎಂದು ಒಂದು ಮಾತು ಬರೆ, ಹೊರಟುಬಿಡುತ್ತೇನೆ.

ನಿನ್ನ ಮಗಳು


ಜೂನ್ ೭

ಮಗಳೇ,

ಮೊದಲು ಮೂಗು ಒರೆಸಿಕೋ. ಆಮೇಲೆ ಹೋಗಿ ಆ ತಕ್ಕಡಿಯ ಅಂಕಿ ಎಷ್ಟೆಷ್ಟಕ್ಕೆ ಜಿಗಿಯುತ್ತದೆ ಎಂದು ನೋಡು. ಐದೈದು ಗ್ರಾಮಿಗೆ ಜಿಗಿಯುವ ತಕ್ಕಡಿಯಾದರೆ ಐದು ಗ್ರಾಂ ಇಳಿದದ್ದು ಇಳಿದದ್ದೇ ಅಲ್ಲ. ಮಗು ಕಾಲು ಒದ್ದರೂ ಅಷ್ಟು ಆಚೀಚೆ ಆಗುತ್ತದೆ. ತಕ್ಕಡಿಗೇ ಕಾಣದ್ದನ್ನು ನೀನು ಕಂಡೆ ಎಂದುಕೊಂಡು ಅಳುವುದು ಯಾವ ನ್ಯಾಯ?

ಇನ್ನೂ ಕೇಳು. ಆ ವೈರುಗಳನ್ನು ಒಬ್ಬರು ಎತ್ತಿ ಹಿಡಿದು ತೂಗುತ್ತಾರೆ, ಇನ್ನೊಬ್ಬರು ತಟ್ಟೆಯ ಮೇಲೆ ಬಿಟ್ಟು ತೂಗುತ್ತಾರೆ. ಒಂದು ದಿನ ಬಟ್ಟೆ ಒದ್ದೆ, ಒಂದು ದಿನ ಒಣಗಿದ್ದು. ಮೇಲೆ ಫ್ಯಾನು ತಿರುಗುತ್ತಿದ್ದರೆ ಗಾಳಿಯೂ ತಟ್ಟೆಯನ್ನು ಒತ್ತುತ್ತದೆ. ಅವರಿಗೆ ಫ್ಯಾನು ಆರಿಸಲು ಹೇಳು. ದಿನದ ಅಂಕಿ ನೋಡಿ ಎದೆ ಬಡಿದುಕೊಳ್ಳಬೇಡ, ವಾರದ್ದನ್ನು ನೋಡು.

ನನ್ನ ವಿಷಯ. ಈ ಮೈಯಲ್ಲಿ ಚಾಕು ತಡೆದುಕೊಳ್ಳುವಷ್ಟು ಕಸುವಿಲ್ಲವಂತೆ. ಐವತ್ತೈದು ಕಿಲೋ ಆಗಲಿ, ಆಮೇಲೆ ದಿನ ಗೊತ್ತುಮಾಡೋಣ ಎಂದಿದ್ದಾರೆ. ಈಗ ಐವತ್ತೊಂದು. ಇಲ್ಲಿ ಇರುವುದು ನಿಂತುಕೊಳ್ಳುವ ಹಳೆಯ ಸ್ಪ್ರಿಂಗ್ ತಕ್ಕಡಿ, ಮುಖದ ಮೇಲೆ ಮುಳ್ಳು ತಿರುಗುವಂಥದ್ದು. ಬಂದ ದಿನವೇ ನೋಡಿದೆ, ಯಾರೂ ಹತ್ತದೆ ಇರುವಾಗಲೂ ಮುಳ್ಳು ಸೊನ್ನೆಯಿಂದ ಅರ್ಧ ಕಿಲೋ ಮುಂದೆ ನಿಂತಿದೆ. ಹೆಡ್ ನರ್ಸಿಗೆ ಹೇಳಿದರೆ, "ಇರ್ಲಿ ಬಿಡಿ ತಾತ, ಎಲ್ರಿಗೂ ಅರ್ಧ ಕಿಲೋ ಲಾಭ" ಎಂದು ನಕ್ಕರು. ನನಗೆ ನಿದ್ದೆ ಬರಲಿಲ್ಲ. ಪಕ್ಕದ ಹಾಸಿಗೆಯ ಟೈಲರ್ ಹತ್ತಿರ ಕತ್ತರಿ ಇಸಕೊಂಡು, ಕೆಳಗಿನ ತಿರುಪು ತಿರುಗಿಸಿ ಸೊನ್ನೆಗೆ ತಂದಿಟ್ಟೆ. ವಾರ್ಡಿನಲ್ಲಿ ಎಲ್ಲರೂ ಅರ್ಧ ಕಿಲೋ ಸೊರಗಿದರು. ಈಗ ನನ್ನನ್ನು ಕಂಡರೆ ಯಾರಿಗೂ ಆಗುವುದಿಲ್ಲ.

ಟೈಲರ್ ಒಬ್ಬ ಮಾತ್ರ ಮಾತಾಡಿಸುತ್ತಾನೆ. ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದಾನೆ, ಆದರೂ ಕೊರಳಲ್ಲಿ ಟೇಪು ನೇತಾಡುತ್ತಿದೆ. ಡಾಕ್ಟರ ಕೋಟು ನೋಡಿ "ಎಡಗೈ ಒಂದಿಂಚು ಗಿಡ್ಡ" ಎಂದು ಅವರ ಎದುರಿಗೇ ಹೇಳಿದ.

ಬರುವ ಯೋಚನೆ ಬೇಡ. ನಾನು ಚೆನ್ನಾಗಿ ತಿನ್ನುತ್ತಿದ್ದೇನೆ.

ನಿನ್ನ ಅಪ್ಪ


ಜೂನ್ ೧೪

ಅಪ್ಪ,

ಐದೈದಕ್ಕೇ ಜಿಗಿಯುವುದು, ನೀನು ಹೇಳಿದಂತೆ. ಫ್ಯಾನಿನ ಮಾತು ಎತ್ತಿದ್ದಕ್ಕೆ ಮಾತ್ರ ನನ್ನ ಮಾನ ಹೋಯಿತು. ನರ್ಸು ಸೊಂಟದ ಮೇಲೆ ಕೈಯಿಟ್ಟುಕೊಂಡು, "ಫ್ಯಾನ್ ಯಾವತ್ತೂ ಆರಿಸೇ ತೂಗೋದು, ವೈರ್ ಯಾವತ್ತೂ ಇಷ್ಟೇ ಎತ್ತರಕ್ಕೆ ಎತ್ತೋದು. ನಿಮ್ಮ ತಂದೆಗೆ ಹೇಳಿ, ನಮಗೂ ಸ್ವಲ್ಪ ಗೊತ್ತಿದೆ ಅಂತ" ಎಂದರು. ಹೇಳಿದ್ದೇನೆ, ತಗೋ.

ಈಗ ಸಾವಿರದ ಮುನ್ನೂರರ ಹತ್ತಿರ ಬಂದಿದ್ದಾಳೆ. ಮೊನ್ನೆ ಮೊದಲ ಸಲ ಎದೆಯ ಮೇಲೆ ಮಲಗಿಸಿದರು. ಬಟ್ಟೆ ಇಲ್ಲದೆ, ಚರ್ಮಕ್ಕೆ ಚರ್ಮ ತಾಗುವಂತೆ. ಇದ್ದಾಳೋ ಇಲ್ಲವೋ ಎಂಬಷ್ಟು ಹಗುರ. ಉಸಿರು ಜೋರಾಗಿ ಬಿಟ್ಟರೆ ಹಾರಿಹೋದಾಳು ಎಂದು ಮೆಲ್ಲಗೆ ಉಸಿರಾಡಿದೆ. ನಾವು ಅವಳನ್ನು ಗುಬ್ಬಿ ಎಂದು ಕರೆಯುತ್ತಿದ್ದೇವೆ. ಸರಿಯಾದ ಹೆಸರು ಆಮೇಲೆ ಇಡೋಣ ಎಂದರು ನಿನ್ನ ಅಳಿಯ. ಆಮೇಲೆ ಎಂದರೆ ಯಾವಾಗ ಎಂದು ನಾನು ಕೇಳಲಿಲ್ಲ.

ಇಲ್ಲಿ ತಾಯಂದಿರಿಗೆ ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದಾರೆ. ನನ್ನ ಪಕ್ಕದವಳ ಮಗು ಗುಬ್ಬಿಗಿಂತ ಇನ್ನೂರು ಗ್ರಾಂ ಜಾಸ್ತಿ ಇತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನಿನ್ನೆ ಬೆಳಿಗ್ಗೆ ಬಂದು ನೋಡಿದರೆ ಆ ಪೆಟ್ಟಿಗೆ ಖಾಲಿ, ಒಬ್ಬಳು ಆಯಾ ಸ್ಪಿರಿಟ್ ಹಾಕಿ ಒರೆಸುತ್ತಿದ್ದಳು. ಎಲ್ಲರೂ ತಮ್ಮ ತಮ್ಮ ಕುರ್ಚಿಯಲ್ಲಿ ಕೂತು ಹಾಲು ಹಿಂಡಿದೆವು.

ನಿನ್ನ ತೂಕ ಎಷ್ಟಾಯಿತು? ಮರೆಯದೆ ಬರೆ.

ನಿನ್ನ ಮಗಳು


ಜೂನ್ ೨೨

ಮಗಳೇ,

ಐವತ್ತೆರಡೂವರೆ. ಒಂದೂವರೆ ಕಿಲೋ ಏರಿದೆ, ಖುಷಿಪಡು. ನಾನೂ ಖುಷಿಪಟ್ಟೆ. ಟೈಲರಿಗೆ ನನ್ನ ಪಾಲಿನ ಬ್ರೆಡ್ಡು ಕೊಟ್ಟೆ.

ಈ ಅಂಕಿಯನ್ನು ಸುಮ್ಮನೆ ಪಡೆದಿಲ್ಲ. ಇಲ್ಲಿ ತೂಕ ಬರೆದುಕೊಳ್ಳುವವಳು ಇನ್ನೂ ಕಲಿಯುತ್ತಿರುವ ನರ್ಸು. ಮುಳ್ಳಿನ ಎದುರು ನಿಲ್ಲದೆ ಪಕ್ಕದಲ್ಲಿ ನಿಂತು ಓದುತ್ತಾಳೆ. ಮುಳ್ಳಿಗೂ ಅಂಕಿಗೂ ನಡುವೆ ಸಂದು ಇರುತ್ತದೆಯಲ್ಲ, ಎಡಗಡೆ ನಿಂತರೆ ಒಂದು ತೂಕ, ಬಲಗಡೆ ನಿಂತರೆ ಇನ್ನೊಂದು. ಭುಜ ಹಿಡಿದು ನೇರ ಎದುರಿಗೆ ನಿಲ್ಲಿಸಿದೆ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ನಾನು ಹತ್ತುವ ಮೊದಲೇ ಹೋದ ವಾರದ ತೂಕ ನೋಡಿಕೊಂಡು, ಇಷ್ಟಿರಬೇಕು ಎಂದು ಮನಸ್ಸಿನಲ್ಲೇ ಬರೆದಿಟ್ಟುಕೊಂಡಿರುತ್ತಾಳೆ. ಹಾಗೆ ನೋಡಿದರೆ ಮುಳ್ಳು ಎಲ್ಲಿದ್ದರೂ ಅಲ್ಲೇ ಕಾಣುತ್ತದೆ. ಕಣ್ಣಿಗೆ ಬೇಕಾದ್ದನ್ನೇ ಓದುವ ಚಟ. "ಹಳೇದು ಮುಚ್ಚಿಟ್ಟು ನೋಡಮ್ಮ" ಎಂದೆ. "ನೀವು ಪೇಷಂಟೋ ಇನ್‌ಸ್ಪೆಕ್ಟರೋ?" ಎಂದಳು. ಆದರೂ ಮುಚ್ಚಿಟ್ಟಳು, ಪಾಪ.

ಪಕ್ಕದವಳ ಮಗುವಿನ ಸುದ್ದಿ ಓದಿ ಮನಸ್ಸು ಕೆಟ್ಟಿತು. ನೀನು ಅಲ್ಲಿಂದ ಕದಲಬೇಡ. ಗುಬ್ಬಿ ಕಣ್ಣು ಬಿಡುತ್ತಾಳೆಯೇ? ಬೆರಳು ಕೊಟ್ಟರೆ ಹಿಡಿಯುತ್ತಾಳೆಯೇ? ನೀನು ಹುಟ್ಟಿದಾಗ ನಿನ್ನನ್ನು ಅಂಗಡಿಯ ದೊಡ್ಡ ತಟ್ಟೆಯಲ್ಲೇ ತೂಗಿದ್ದೆ. ನಿಮ್ಮಮ್ಮ ನನಗೆ ಬೈದದ್ದು ಬೀದಿಗೆಲ್ಲ ಕೇಳಿಸಿತ್ತು.

ನಿನ್ನ ಅಪ್ಪ


ಜುಲೈ ೨

ಅಪ್ಪ,

ಗುಬ್ಬಿ ಸಾವಿರದ ನಾನೂರು ದಾಟಿದಳು. ಬೆರಳು ಹಿಡಿಯುತ್ತಾಳೆ. ಹಿಡಿದರೆ ಬಿಡುವುದಿಲ್ಲ, ಸಾಲ ಕೊಟ್ಟವಳ ಹಾಗೆ.

ನಿನ್ನ ತೂಕದ್ದೇ ನನಗೆ ಅನುಮಾನ. ಏನು ಹಾಕಿದರೂ ಮೈ ಹತ್ತದ ಜೀವ ನಿನ್ನದು. ಆಸ್ಪತ್ರೆಯ ಬ್ರೆಡ್ಡು ಹಾಲಿಗೆ ಹೀಗೆ ಏರಿತೇ? ಕೋಪ ಮಾಡಿಕೊಳ್ಳದೆ ಉತ್ತರ ಕೊಡು. ತೂಗುವಾಗ ಜೇಬಿನಲ್ಲಿ ಏನಾದರೂ ಇಟ್ಟುಕೊಂಡಿರುತ್ತೀಯಾ? ದಿನವೂ ಒಂದೇ ಹೊತ್ತಿಗೆ ನೋಡುತ್ತಾರೋ, ಒಮ್ಮೆ ಉಂಡ ಮೇಲೆ, ಒಮ್ಮೆ ಉಣ್ಣುವ ಮೊದಲೋ? ಚಪ್ಪಲಿ? ನೆಲ ಸಮನಾಗಿದೆಯೇ? ಹಲಗೆಯ ನಡುವೆ ನಿಲ್ಲುತ್ತೀಯೋ, ಗೋಡೆ ಹಿಡಿದುಕೊಂಡು ಅಂಚಿಗೆ ನಿಲ್ಲುತ್ತೀಯೋ? ಸ್ಪ್ರಿಂಗ್ ಹಳೆಯದಾಗಿ ಸೋತಿದ್ದರೆ ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತದೆ ಎಂದು ನೀನೇ ಕಲಿಸಿದ್ದು.

ನಿನ್ನ ವಾರ್ಡಿಗೆ ಫೋನ್ ಮಾಡಿದ್ದೆ. ಯಾರೋ ಎತ್ತಿ, "ತೂಕ ಏರ್ತಿದೆ, ಮಿಕ್ಕಿದ್ದು ಅವರನ್ನೇ ಕೇಳಿ. ಮಗಳಿಗೆ ನಾನೇ ಹೇಳ್ತೀನಿ, ನೀವ್ಯಾರೂ ಹೇಳ್ಬೇಡಿ ಅಂದಿದ್ದಾರೆ" ಎಂದು ಇಟ್ಟುಬಿಟ್ಟರು. ಮಿಕ್ಕಿದ್ದು ಎಂದರೆ ಏನಪ್ಪ?

ನಿನ್ನ ಅಳಿಯ, "ಎರಡು ದಿನ ಹೋಗ್ಬಾ, ನಾನಿರ್ತೀನಿ" ಎನ್ನುತ್ತಿದ್ದಾರೆ. ಹೋಗಿಬರಲು ರೈಲಿನಲ್ಲೇ ಎರಡು ದಿನ ಹಿಡಿಯುತ್ತದೆ ಎಂಬುದು ಅವರ ಲೆಕ್ಕಕ್ಕೆ ಬಂದಿಲ್ಲ. ಡಾಕ್ಟರು ಬೇಡವೇ ಬೇಡ ಎಂದರು. ಹಾಲು ನಿಂತುಹೋದರೆ ಮತ್ತೆ ತರಿಸುವುದು ಕಷ್ಟವಂತೆ. ನೀನು ಹೂಂ ಎಂದರೆ ಡಾಕ್ಟರ ಮಾತು ಮೀರಿ ಬರುತ್ತೇನೆ.

ನಿನ್ನ ಮಗಳು


ಜುಲೈ ೮

ಮಗಳೇ,

ಐವತ್ತೈದು.

ಜೇಬು ಖಾಲಿ. ಆಸ್ಪತ್ರೆಯ ಅಂಗಿಗೆ ಜೇಬೇ ಇಲ್ಲ. ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗಿಬಂದ ಮೇಲೆ, ಚಹಾಕ್ಕೆ ಮೊದಲು. ಬರಿಗಾಲು. ನಡುವೆಯೇ ನಿಲ್ಲುತ್ತೇನೆ, ಯಾರನ್ನೂ ಏನನ್ನೂ ಮುಟ್ಟದೆ. ತಕ್ಕಡಿ ಮೊದಲು ಒಡೆದ ಟೈಲ್ಸಿನ ಮೇಲಿತ್ತು, ಒಂದು ಕಾಲು ಅಲ್ಲಾಡುತ್ತಿತ್ತು. ಆಚೆಗೆ ಸರಿಸಿ, ಬಟ್ಟಲಲ್ಲಿ ನೀರು ಇಟ್ಟು ಮಟ್ಟ ನೋಡಿದೆ.

ಸ್ಪ್ರಿಂಗಿನ ಅನುಮಾನ ನನಗೂ ಇತ್ತು. ಅಡುಗೆಮನೆಯಿಂದ ಮೊಹರು ಒಡೆಯದ ಹತ್ತು ಕಿಲೋ ಹಿಟ್ಟಿನ ಚೀಲ ತರಿಸಿಟ್ಟೆ. ಹತ್ತೇ ತೋರಿಸಿತು. ಹತ್ತಕ್ಕೆ ಸರಿಯಿದ್ದದ್ದು ಐವತ್ತಕ್ಕೂ ಸರಿಯಿರಬೇಕೆಂದೇನೂ ಇಲ್ಲವಲ್ಲ, ಅದಕ್ಕೆ ಐದು ಚೀಲ ತರಿಸಿದೆ. ಅಡುಗೆಯವನು ಬೈದುಕೊಂಡು ಹೊತ್ತು ತಂದ. ಒಂದೊಂದೇ ಏರಿಸಿ ನೋಡಿದೆ, ಒಂದೊಂದೇ ಇಳಿಸಿ ನೋಡಿದೆ. ಏರುವಾಗ ತೋರಿಸಿದ್ದನ್ನೇ ಇಳಿಯುವಾಗಲೂ ತೋರಿಸಿತು. ಐವತ್ತಕ್ಕೆ ಐವತ್ತು. ತಕ್ಕಡಿ ಸರಿಯಿದೆ. ನಾನು ಬರೆದ ಒಂದು ಅಂಕಿಯೂ ಸುಳ್ಳಲ್ಲ.

ಆಪರೇಷನ್ನಿನ ದಿನ ಡಾಕ್ಟರು ಇನ್ನೂ ಹೇಳಿಲ್ಲ. ಫೋನಿನಲ್ಲಿ ಆಡಿದವರ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅವರಿಗೆ ದಿನಕ್ಕೆ ನೂರು ಜನ.

ಬರಬೇಡ. ಗುಬ್ಬಿ ಬೆರಳು ಹಿಡಿದದ್ದನ್ನು ಟೈಲರಿಗೆ ಓದಿ ಹೇಳಿದೆ. ಅವನು ಅವಳಿಗೆ ಒಂದು ಅಂಗಿ ಹೊಲಿಯುತ್ತಾನಂತೆ, ಅಳತೆ ಕಳಿಸು ಎನ್ನುತ್ತಿದ್ದಾನೆ.

ನಿನ್ನ ಅಪ್ಪ


ಜುಲೈ ೧೯

ಅಪ್ಪ,

ಇಷ್ಟು ದಿನ ಬರೆಯದಿದ್ದಕ್ಕೆ ಕಾರಣ ಇದೆ. ಹೋದ ವಾರ ಒಂದು ಬೆಳಿಗ್ಗೆ ಗುಬ್ಬಿ ಒಂದೇ ದಿನಕ್ಕೆ ತೊಂಬತ್ತು ಗ್ರಾಂ ಏರಿದಳು. ದಿನಕ್ಕೆ ಇಪ್ಪತ್ತು ಏರಿದರೇ ಹಬ್ಬ ಮಾಡುತ್ತಿದ್ದವಳು ನಾನು. ಜೋರಾಗಿ ಚಪ್ಪಾಳೆ ತಟ್ಟಿಬಿಟ್ಟೆ. ನರ್ಸು ತಟ್ಟಲಿಲ್ಲ. ಮತ್ತೊಮ್ಮೆ ತೂಗಿದರು, ಅಷ್ಟೇ ಬಂತು. ಬಗ್ಗಿ ಅವಳ ರೆಪ್ಪೆ ನೋಡಿದರು. ಕಿರುಬೆರಳಿನಿಂದ ಅವಳ ಕಾಲನ್ನು ಮೆಲ್ಲಗೆ ಒತ್ತಿ, ಬೆರಳು ತೆಗೆದು, ಒತ್ತಿದ ಜಾಗವನ್ನೇ ನೋಡುತ್ತ ನಿಂತರು. ಅಲ್ಲಿ ಸಣ್ಣದೊಂದು ಗುಂಡಿ ಬಿದ್ದಿತ್ತು. ಅದು ತುಂಬಿಕೊಳ್ಳಲು ಹೊತ್ತು ಹಿಡಿಯಿತು.

"ಇದು ಮಗೂ ತೂಕ ಅಲ್ಲಮ್ಮ," ಎಂದರು. "ನೀರು."

ಒಳಗೆ ಏನೋ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ, ನೀರು ಮೈಯಲ್ಲೇ ನಿಂತಿತ್ತು. ಔಷಧಿ ಕೊಟ್ಟರು. ಮೂರು ದಿನದಲ್ಲಿ ಏರಿದ್ದಕ್ಕಿಂತ ಹೆಚ್ಚಾಗಿ ಇಳಿದಳು. ಇಳಿದಾಗ ಎಲ್ಲರೂ ನಕ್ಕರು, ನಾನೂ ನಕ್ಕೆ. ಅಪಾಯ ಕಳೆಯಿತು ಎಂದು ಇವತ್ತು ಬೆಳಿಗ್ಗೆ ಹೇಳಿದ್ದಾರೆ.

ನಿನ್ನ ಕಾಗದಗಳನ್ನೆಲ್ಲ ಮತ್ತೆ ತೆಗೆದು ಓದಿದೆ. ತಕ್ಕಡಿಯ ಸೊನ್ನೆ, ನೆಲ, ಸ್ಪ್ರಿಂಗು, ಓದುವವಳ ಕಣ್ಣು, ಎಲ್ಲದರ ಬಗ್ಗೆ ಕೇಳಿದ್ದೇನೆ. ಎಲ್ಲದಕ್ಕೂ ನೀನು ಸರಿಯಾಗಿ ಉತ್ತರ ಕೊಟ್ಟಿದ್ದೀಯ. ಇನ್ನೊಂದೇ ಪ್ರಶ್ನೆ ಇದೆ. ಮೊಣಕಾಲಿನ ಕೆಳಗೆ, ಮೂಳೆಯ ಮೇಲೆ, ಹೆಬ್ಬೆರಳಿನಿಂದ ಒತ್ತಿ ನೋಡು. ಗುಂಡಿ ಬೀಳುತ್ತದೆಯೇ?

ನಿನ್ನ ಮಗಳು


ಜುಲೈ ೨೬

ಮಗಳೇ,

ಗುಬ್ಬಿಯ ಅಪಾಯ ಕಳೆದದ್ದು ಓದಿ ಹೋದ ಜೀವ ಬಂದಂತಾಯಿತು. ಆ ನರ್ಸಿಗೆ ನನ್ನ ನಮಸ್ಕಾರ ಹೇಳು. ಫ್ಯಾನಿನ ಮಾತಿಗೆ ಕ್ಷಮೆಯನ್ನೂ ಕೇಳು.

ಇಲ್ಲಿ ಸೆಕೆ ಜಾಸ್ತಿಯಾಗಿದೆ. ಸೆಕೆಗೆ ಸ್ಪ್ರಿಂಗು ಸ್ವಲ್ಪ ಸಡಿಲವಾಗುತ್ತದೆ, ಆದರೆ ಅದು ಹೆಚ್ಚೆಂದರೆ ನೂರು ಗ್ರಾಮಿನ ಮಾತು. ಮುಳ್ಳು ಒಂದೊಂದು ಸಲ ಅರ್ಧಕ್ಕೇ ಅಂಟಿಕೊಂಡು ನಿಂತುಬಿಡುತ್ತದೆ. ಗಾಜನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ ಓದು ಎಂದು ಆ ಹುಡುಗಿಗೆ ಹೇಳಿಕೊಟ್ಟಿದ್ದೇನೆ. ಈಗ ಚೆನ್ನಾಗಿ ಓದುತ್ತಾಳೆ.

ಟೈಲರ್ ನಾಳೆ ಮನೆಗೆ ಹೋಗುತ್ತಾನೆ. ಕೋಲು ಹಿಡಿದು ಬಾಗಿಲವರೆಗೆ ನಡೆದು ತೋರಿಸಿದ. ಹೋಗುವ ಖುಷಿಯಲ್ಲಿ ಅತ್ತ. ಗುಬ್ಬಿಯ ಅಂಗಿ ಮನೆಯಿಂದ ಹೊಲಿದು ಕಳಿಸುತ್ತಾನಂತೆ.

ಐವತ್ತೆಂಟೂವರೆ.

ನಿನ್ನ ಅಪ್ಪ


ಜುಲೈ ೩೦

ಅಪ್ಪ,

ನಾನು ಸೆಕೆಯ ಬಗ್ಗೆ ಕೇಳಿರಲಿಲ್ಲ.

ನಿನ್ನ ಅಕ್ಷರ ಮುತ್ತು ಪೋಣಿಸಿದ ಹಾಗೆ ಇರುತ್ತಿತ್ತು. ಈ ಸಲ ಸಾಲು ಕೆಳಗೆ ಜಾರಿದೆ, ಪೆನ್ನು ಹಿಡಿಯಲು ಬೆರಳು ಮಡಿಸಲಾಗದವರು ಬರೆದಂತಿದೆ. ಕೇಳಿದ್ದು ಒಂದೇ ಪ್ರಶ್ನೆ. ಅದಕ್ಕೆ ಉತ್ತರ ಬರೆ. ಬೇರೆ ಏನನ್ನೂ ಬರೆಯಬೇಡ.

ನಿನ್ನ ಮಗಳು


ಆಗಸ್ಟ್ ೪

ಮಗಳೇ,

ಬೀಳುತ್ತದೆ. ಬೆರಳಿನ ಅರ್ಧ ಗೆಣ್ಣಿನಷ್ಟು ಆಳ ಬೀಳುತ್ತದೆ, ಬಹಳ ಹೊತ್ತು ಹಾಗೇ ಇರುತ್ತದೆ.

ಜೂನ್ ಕೊನೆಯಲ್ಲೇ ಡಾಕ್ಟರು ಹೇಳಿದರು. ಗಡ್ಡೆ ಈಗ ಹೊಟ್ಟೆಯಲ್ಲಿ ಮಾತ್ರ ಇಲ್ಲವಂತೆ, ಲಿವರಿಗೂ ಹಬ್ಬಿದೆಯಂತೆ. ಕೊಯ್ದರೆ ಪ್ರಯೋಜನವಿಲ್ಲ. ಹೊಟ್ಟೆಯಲ್ಲಿ ನೀರು ತುಂಬುತ್ತಿದೆ, ಕಾಲಿಗೂ ಇಳಿದಿದೆ. ಒಮ್ಮೆ ತೆಗೆದರೆ ಮತ್ತೆ ತುಂಬುತ್ತದೆ. ಟೈಲರ್ ಹೋಗುವ ಮೊದಲು ಸುಮ್ಮನಿರಲಾರದೆ ಟೇಪು ಹಿಡಿದು ನೋಡಿದ. ಸೊಂಟ ಎಷ್ಟೋ ಇಂಚು ಹೆಚ್ಚಿದೆ, ತೋಳು ನನ್ನದೇ ಎರಡು ಬೆರಳಿನ ಬಳೆಯಲ್ಲಿ ಹಿಡಿಸುತ್ತದೆ. ಅವನು ಅತ್ತದ್ದು ಮನೆಗೆ ಹೋಗುವ ಖುಷಿಗಲ್ಲ.

ನೀನು ತಕ್ಕಡಿಯ ಬಗ್ಗೆ ಕೇಳಿದೆ, ನಾನು ತಕ್ಕಡಿಯ ಬಗ್ಗೆ ಹೇಳಿದೆ. ಒಂದು ಸುಳ್ಳು ಅಂಕಿ ಬರೆದಿದ್ದರೆ ನೀನು ಅದನ್ನು ಹಿಡಿದುಬಿಡುತ್ತಿದ್ದೆ. ಅಷ್ಟು ಚೆನ್ನಾಗಿ ಕಲಿಸಿದ್ದೇನೆ ನಿನಗೆ. ಅದಕ್ಕೇ ನಿಜವಾದ ಅಂಕಿಯನ್ನೇ ಬರೆದೆ. ನಿಜವಾದ ತೂಕ ನೋಡಿದ ಮೇಲೆ ನೀನು ಬೇರೇನನ್ನೂ ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಮನೆತನದ ಬುದ್ಧಿ.

ಮೊದಲೇ ಹೇಳಿದ್ದರೆ ನೀನು ಬರುತ್ತಿದ್ದೆ. ಬಂದು ಏನು ಮಾಡುತ್ತಿದ್ದೆ? ನನ್ನ ಕಾಲು ಒತ್ತುತ್ತಿದ್ದೆ. ಅಲ್ಲಿ ಅವಳು ಒಂದು ಚಮಚ ಹಾಲಿಗೆ ಬಾಯಿ ಬಿಡುತ್ತಿದ್ದಳು. ನಮ್ಮಿಬ್ಬರಲ್ಲಿ ಒಬ್ಬರ ತೂಕ ಮಾತ್ರ ನಿಜವಾಗಿ ಏರುವಂಥದ್ದು. ನೀನು ಇರಬೇಕಾದ್ದು ಅಲ್ಲಿ.

ನನಗೆ ಹೆದರಿಕೆಯಾಗುತ್ತದೆ, ಇಲ್ಲ ಎನ್ನುವುದಿಲ್ಲ. ಸಂಜೆ ಎಲ್ಲರ ಕಡೆಯವರೂ ಬರುತ್ತಾರೆ, ಆ ಒಂದು ಗಂಟೆ ಗೋಡೆ ಕಡೆಗೆ ತಿರುಗಿ ಮಲಗುತ್ತೇನೆ. ಬರಬೇಡ ಎಂದು ಬರೆಯುವಾಗೆಲ್ಲ ಕೈ ಬಾ ಎಂದು ಬರೆಯಲು ಹೋಗುತ್ತದೆ. ಆದರೂ ಬರೆಯುತ್ತಿದ್ದೇನೆ, ಬರಬೇಡ.

ನಿನ್ನ ಅಪ್ಪ


ಆಗಸ್ಟ್ ೯

ಅಪ್ಪ,

ನಾನು ಹೊರಟಿದ್ದೇನೆ. ಈ ಕಾಗದ ಮೊದಲು ತಲುಪುತ್ತದೋ ನಾನೇ ತಲುಪುತ್ತೇನೋ ಗೊತ್ತಿಲ್ಲ.

ಎರಡು ತಿಂಗಳು ಸೊನ್ನೆ ಸರಿಯಿದೆ, ನೆಲ ಸರಿಯಿದೆ ಎಂದು ನನ್ನನ್ನು ಆಟ ಆಡಿಸಿದೆಯಲ್ಲ, ನಿನಗೆ ಹೇಗೆ ಮನಸ್ಸು ಬಂತು? ನಾನು ಇಲ್ಲಿ ನಿನ್ನ ಅಂಕಿ ನೋಡಿ ವಾರ್ಡಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ, ನಮ್ಮಪ್ಪ ಐವತ್ತೆರಡಾದ, ಐವತ್ತೈದಾದ ಎಂದು. ಯಾರ ಹತ್ತಿರ ಇರಬೇಕು ಎಂದು ನಾನು ಆರಿಸಬೇಕಿತ್ತು. ತಪ್ಪಾಗಿಯೇ ಆರಿಸುತ್ತಿದ್ದೆನೇನೋ, ಆದರೂ ನಾನೇ ಆರಿಸಬೇಕಿತ್ತು. ನನಗೆ ನಿನ್ನ ಮೇಲೆ ತುಂಬ ಸಿಟ್ಟು ಬಂದಿದೆ.

ಗುಬ್ಬಿ ಒಂದು ಕಿಲೋ ಎಂಟುನೂರು. ಇಷ್ಟು ದಿನ ಹಿಂಡಿ ಮಿಕ್ಕಿದ ಹಾಲು ಆಸ್ಪತ್ರೆಯ ಫ್ರೀಜರಿನಲ್ಲಿದೆ, ಒಂದು ವಾರಕ್ಕೆ ಸಾಕು. ನಿನ್ನ ಅಳಿಯ ರಜೆ ಹಾಕಿದ್ದಾರೆ. ಡಾಕ್ಟರು ಈ ಸಲ ಬೇಡ ಎನ್ನಲಿಲ್ಲ.

ನಾನು ಬರುವವರೆಗೆ ಇರು. ಬಂದು ಬೈಯುವುದಿದೆ.

ನಿನ್ನ ಮಗಳು


ಆಗಸ್ಟ್ ೧೪

ರೀ,

ಅಪ್ಪ ಹೋದ ಎಂದು ನಿನ್ನೆ ಫೋನಿನಲ್ಲಿ ಹೇಳಿ ಇಟ್ಟುಬಿಟ್ಟೆ. ನೀವು "ಕೊನೇಲಿ ಮಾತಾಡಿಸಿದ್ರಾ?" ಎಂದು ಕೇಳಿದಿರಿ. ಹೂಂ ಎಂದೆ. ಅಷ್ಟಕ್ಕಿಂತ ಹೆಚ್ಚು ಬಾಯಿಂದ ಬರಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ನಾಳೆ ರೈಲು ಹತ್ತುತ್ತೇನೆ, ಈ ಕಾಗದಕ್ಕಿಂತ ಮೊದಲು ನಾನೇ ಬಂದಿರುತ್ತೇನೆ. ಬಂದ ಮೇಲೆ ಈ ವಿಷಯ ಕೇಳಬೇಡಿ, ಓದಿಕೊಳ್ಳಿ.

ನಾನು ಇಲ್ಲಿಗೆ ಬಂದ ದಿನ ಅವನ ಹಾಸಿಗೆಯನ್ನು ದಾಟಿಕೊಂಡು ಮುಂದೆ ಹೋಗಿಬಿಟ್ಟಿದ್ದೆ. ಗುರುತೇ ಸಿಗಲಿಲ್ಲ. ಮುಖವೆಲ್ಲ ಮೂಳೆ, ಕಣ್ಣು ಹಳದಿ. ಹಿಂದಿನ ದಿನವಷ್ಟೇ ಹೊಟ್ಟೆಗೆ ಸೂಜಿ ಹಾಕಿ ಕ್ಯಾನುಗಟ್ಟಲೆ ನೀರು ತೆಗೆದಿದ್ದರಂತೆ. ಜ್ವರ ನೆತ್ತಿಗೇರಿತ್ತು. ನನ್ನ ಕಾಗದ ಒಡೆಯದೆ ಪಕ್ಕದ ಮೇಜಿನ ಮೇಲಿತ್ತು. ಬೆಳಿಗ್ಗೆಯಷ್ಟೇ ಬಂತು, ಓದಿ ಹೇಳೋಣ ಎಂದರೆ ಎಚ್ಚರವೇ ಇರಲಿಲ್ಲ ಎಂದರು ಹೆಡ್ ನರ್ಸು. ಅವರನ್ನು ಬೈಯೋಣ ಎಂದುಕೊಂಡೇ ಬಂದಿದ್ದೆ. ಅವರು ನನ್ನ ಕೈ ಹಿಡಿದುಕೊಂಡು, "ನಿಮ್ಗೆ ಹೇಳ್ಬಾರ್ದು ಅಂತ ನನ್ನಿಂದ ಆಣೆ ಮಾಡಿಸ್ಕೊಂಡಿದ್ರು" ಎಂದರು. ಬೈಯಲು ಯಾರೂ ಸಿಗಲಿಲ್ಲ.

ಹಾಸಿಗೆ ಒದ್ದೆಯಾಗಿತ್ತು. ಬಟ್ಟೆ ಬದಲಿಸಬೇಕು, ಇನ್ನೊಬ್ಬರು ಬರಲಿ, ಒಬ್ಬರೇ ಎತ್ತಬೇಡಿ ಎಂದು ಹೇಳಿ ಅವರು ಬಾಗಿಲಿನತ್ತ ಹೋದರು. ಅಷ್ಟರಲ್ಲಿ ನಾನು ಕೈ ಹಾಕಿ ಎತ್ತಿಯಾಗಿತ್ತು. ಕುತ್ತಿಗೆಯ ಕೆಳಗೆ ಒಂದು ಕೈ, ಮೊಣಕಾಲ ಕೆಳಗೆ ಒಂದು ಕೈ. ಏನೂ ಭಾರವಿರಲಿಲ್ಲ. ಬಾಣಂತಿ ನಾನು, ನನ್ನ ಅಪ್ಪನನ್ನು ಒಬ್ಬಳೇ ಎತ್ತಿಕೊಂಡು ನಿಂತಿದ್ದೆ. ಹಾಲು ಕಟ್ಟಿತ್ತು, ಅವನ ಮೈ ಒತ್ತಿದ್ದಕ್ಕೆ ಸೋರಿ ನನ್ನ ಬಟ್ಟೆ, ಅವನ ಅಂಗಿ ಎರಡೂ ನೆನೆದವು. ಆಮೇಲೆ ಬಚ್ಚಲಿಗೆ ಹೋಗಿ ಸಿಂಕಿನಲ್ಲಿ ಹಿಂಡಿದೆ. ಗುಬ್ಬಿಯ ಪಾಲಿನದು ಅಷ್ಟೂ ಮೋರಿಗೆ ಹೋಗುವುದನ್ನು ನೋಡುತ್ತ ನಿಂತೆ. ಅವನು ಹೇಳಿದ್ದು ಸರಿ ಎಂದು ಅಲ್ಲಿ ಅನಿಸಿತು. ಸಿಟ್ಟು ಮಾತ್ರ ಹೋಗಲಿಲ್ಲ, ಈಗಲೂ ಹೋಗಿಲ್ಲ.

ಮೊನ್ನೆ ಮಧ್ಯಾಹ್ನ ಕಣ್ಣು ಬಿಟ್ಟ. ವಾರ್ಡಿನಲ್ಲಿ ನಮಗೆಲ್ಲ ಮಾಸ್ಕು ಹಾಕಿಸುತ್ತಾರೆ. ನನ್ನನ್ನೇ ನೋಡಿದ.

"ಸಿಸ್ಟರ್, ಇವತ್ತು ತೂಕ ನೋಡಿದ್ರಾ?"

ಮಾಸ್ಕು ಕೆಳಗೆ ಎಳೆದೆ. ಅಪ್ಪ, ನಾನು, ಎಂದು ಕಿವಿಯ ಹತ್ತಿರ ಜೋರಾಗಿ ಹೇಳಿದೆ. ಎರಡು ಸಲ ಹೇಳಿದೆ. ಕೇಳಿಸಲಿಲ್ಲವೋ, ಕೇಳಿಸಿದರೂ ತಲೆಗೆ ಹೋಗಲಿಲ್ಲವೋ.

"ನೋಡಿದ್ರಾ, ಇಲ್ವಾ?" ಎಂದು ಗೊಣಗಿದ. ತನ್ನನ್ನು ಎಲ್ಲರೂ ಸತಾಯಿಸುತ್ತಾರೆ ಎನ್ನುವ ಹಾಗೆ.

ನೋಡಿದೆ ಎಂದು ತಲೆಯಾಡಿಸಿದೆ.

"ಎಷ್ಟು?"

ಅವನು ಹತ್ತು ದಿನದಿಂದ ತಕ್ಕಡಿ ಹತ್ತಿರಲಿಲ್ಲ. ರೀ, ನಮ್ಮ ಅಂಗಡಿಯಲ್ಲಿ ನಾನು ಏನು ತಪ್ಪು ಮಾಡಿದರೂ ಅಪ್ಪ ಸುಮ್ಮನಿರುತ್ತಿದ್ದ, ತೂಗದೆ ಅಂಕಿ ಹೇಳಿದರೆ ಮಾತ್ರ ಏಟು ಬೀಳುತ್ತಿತ್ತು. ಬೆರಳಲ್ಲಿ ತೋರಿಸಿದೆ. ಎರಡು ಕೈಯ ಹತ್ತು ಬೆರಳು, ಆರು ಸಲ.

"ಅರವತ್ತಾ?"

ತಲೆಯಾಡಿಸಿದೆ.

"ಏರಿದೆ," ಎಂದ. "ನನ್ ಮಗಳಿಗೆ ಬರೀರಿ. ನನ್ ಕೈಲಿ ಪೆನ್ನು ನಿಲ್ತಿಲ್ಲ. ಅರವತ್ತು ಅಂತ ಬರೀರಿ. ಈಗ್ಲೇ, ಇಲ್ಲೇ ಕೂತು."

ಕೂತೆ. ನನಗೆ ಎಲ್ಲ ಬರೆದು ತಿಳಿಸಿಯಾಗಿದೆ ಎಂಬುದು ಅವನಿಗೆ ನೆನಪೇ ಇರಲಿಲ್ಲ. ಮೇಜಿನ ಮೇಲೆ ಬೇರೆ ಕಾಗದ ಇರಲಿಲ್ಲ, ನನ್ನದೇ ಆ ಲಕೋಟೆಯ ಹಿಂದೆ ಅರವತ್ತು ಎಂದು ದೊಡ್ಡದಾಗಿ ಬರೆದು ಅವನ ಕಣ್ಣೆದುರು ಹಿಡಿದೆ. ಬಹಳ ಹೊತ್ತು ನೋಡಿದ. ಮುಖದ ಬಿಗಿಯೆಲ್ಲ ಇಳಿಯಿತು. ಕೈಯೆತ್ತಿ ನನ್ನ ಮಣಿಕಟ್ಟು ತಟ್ಟಿದ, ಕೆಲಸ ಚೆನ್ನಾಗಿ ಮಾಡಿದವರನ್ನು ತಟ್ಟುವಂತೆ.

"ಸಾಕು," ಎಂದ. "ಇನ್ನು ಅವಳು ಬರಲ್ಲ."

ನಿಮ್ಮವಳು